ಕಪ್ಪುಪಟ್ಟೆಯ ನೀರುಗಂಟಿಗಳು

ಚಿಕ್ಕಮಗಳೂರಿನಲ್ಲಿ ಕಾಫಿ ಬೆಳೆಗಾರರು, ಶಿಕ್ಷಕರು ಮತ್ತು ಅವರ ಮನೆಯವರು ಸೇರಿದ್ದ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಪರಿಷ್ಕೃತ ಬರಹ

ಪರದೆಯ ಮೇಲಿರುವ ಈ ಎರಡು ಚಿತ್ರಗಳನ್ನು ಮೊದಲು ನೋಡಿ. ಎರಡೂ ಮನುಷ್ಯರ ಮಿದುಳಿನ ಒಂದೇ ಭಾಗವನ್ನು ಅಡ್ಡಲಾಗಿ ಕೊಯ್ದ ಬಿಲ್ಲೆಗಳು. ಮಿದುಳಿನ ಕಾಂಡದ ಮೇಲ್ತುದಿಯಲ್ಲಿರುವ, ಸುಮಾರು 2 ಸೆಂಟಿಮೀಟರು ಉದ್ದದ ಈ ಭಾಗಕ್ಕೆ ಮಧ್ಯ ಮಿದುಳು ಎಂದು ಹೆಸರು. ಎಡಗಡೆಯ ಬಿಲ್ಲೆಯಲ್ಲಿ ಎರಡು ಕಪ್ಪು ಗೆರೆಗಳು ರೆಕ್ಕೆಗಳಂತೆ ಎರಡೂ ಬದಿಗೆ ಚಾಚಿರುವುದು ನಿಮಗೆ ಕಾಣುತ್ತಿದೆ. ಬಣ್ಣ ಹಾಕಿದ್ದಲ್ಲ, ಸೂಕ್ಷ್ಮದರ್ಶಕವೂ ಬೇಕಿಲ್ಲ. ಬರಿಗಣ್ಣಿಗೇ ಹೀಗೆ ಕಾಣುತ್ತದೆ. ಬಲಗಡೆಯ ಬಿಲ್ಲೆಯಲ್ಲಿ ಅದೇ ಜಾಗ ಬಿಳಿಚಿಕೊಂಡಿದೆ. ಎಡಗಡೆಯದು ಬೇರೆ ಕಾರಣಕ್ಕೆ ತೀರಿಕೊಂಡ ಹಿರಿಯರೊಬ್ಬರದು, ಬಲಗಡೆಯದು ಪಾರ್ಕಿನ್ಸನ್ ಕಾಯಿಲೆಯಿಂದ ಬಹಳ ವರ್ಷ ನರಳಿದವರದು. ಈ ಜಾಗಕ್ಕೆ ಸಬ್‌ಸ್ಟಾನ್ಷಿಯಾ ನೈಗ್ರಾ ಎಂಬ ಲ್ಯಾಟಿನ್ ಹೆಸರಿದೆ, ಕಪ್ಪು ವಸ್ತು ಎಂದಷ್ಟೇ ಅದರ ಅರ್ಥ. ಇಂದು ನಾನು ಇದನ್ನು ಕಪ್ಪುಪಟ್ಟೆ ಎಂದು ಕರೆಯುತ್ತೇನೆ. ಎಡದ ಚಿತ್ರ ಬಲದ ಚಿತ್ರವಾಗುವುದು ಹೇಗೆ, ಮಿದುಳಿನಲ್ಲಿ ಅಷ್ಟೊಂದು ಕೋಶಗಳಿರುವಾಗ ಇಲ್ಲಿನವೇ ಏಕೆ ಮೊದಲು ಸಾಯುತ್ತವೆ ಎಂಬುದೇ ನನ್ನ ವಿಷಯ.

ಈ ಪ್ರಶ್ನೆ ನನ್ನನ್ನು ಹಿಡಿದದ್ದು ಪುಸ್ತಕದಿಂದಲ್ಲ, ನಮ್ಮ ದೊಡ್ಡಪ್ಪನವರ ಚೆಕ್‌ರೋಲ್‌ನಿಂದ. ತೋಟದ ಹಾಜರಿ ಮತ್ತು ಬಟವಾಡೆಯ ಲೆಕ್ಕವನ್ನು ಅವರು ರೈಟರಿಗೆ ಬಿಡದೆ ತಾವೇ ಬರೆಯುತ್ತಿದ್ದರು. ಅವರು ಹೋದಮೇಲೆ ಅಟ್ಟದಲ್ಲಿದ್ದ ಆ ಪುಸ್ತಕಗಳನ್ನು ವರ್ಷದ ಕ್ರಮದಲ್ಲಿ ಜೋಡಿಸಿಟ್ಟು ನೋಡಿದೆ. ಮೊದಲ ಪುಸ್ತಕಗಳಲ್ಲಿ ದುಂಡಾಗಿ, ಗೆರೆಯಿಂದ ಗೆರೆಗೆ ತುಂಬಿಕೊಂಡಿದ್ದ ಅಕ್ಷರಗಳು ಬರುಬರುತ್ತಾ ಕುಗ್ಗಿವೆ. ಸಾಲಿನ ಆರಂಭದಲ್ಲಿ ಓದಲು ಬರುವ ಹೆಸರು ಸಾಲಿನ ಕೊನೆಗೆ ಇರುವೆಯ ಸಾಲಾಗಿಬಿಟ್ಟಿದೆ. ಕೈ ನಡುಗುತ್ತಿದೆ ಎಂದು ಮನೆಯವರು ಗಮನಿಸುವುದಕ್ಕೆ ಕನಿಷ್ಠ ನಾಲ್ಕು ವರ್ಷ ಮೊದಲೇ ಈ ಕುಗ್ಗುವಿಕೆ ಶುರುವಾಗಿತ್ತು. ಆ ನಡುವೆ ಅವರ ಬಲಭುಜ ಬಿಗಿದುಕೊಂಡಿತ್ತು, ನಡೆಯುವಾಗ ಬಲಗೈ ಬೀಸುತ್ತಿರಲಿಲ್ಲ. ತೋರಿಸಿದ ವೈದ್ಯರೊಬ್ಬರು ಅದನ್ನು ಭುಜದ ಕೀಲಿನ ತೊಂದರೆ ಎಂದೇ ಎರಡು ವರ್ಷ ನೋಡಿದರು. ಮುಖದ ಭಾವ ಕಡಿಮೆಯಾದಾಗ ನಾವು ಮಕ್ಕಳು ದೊಡ್ಡಪ್ಪನಿಗೆ ಸಿಟ್ಟು ಬಂದಿದೆ ಎಂದುಕೊಂಡು ಅವರ ಕೋಣೆಗೆ ಹೋಗುವುದನ್ನೇ ಬಿಟ್ಟೆವು. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಮುಖದ ಸ್ನಾಯುಗಳು ನಿಧಾನವಾಗಿದ್ದವೇ ಹೊರತು ಅವರ ಪ್ರೀತಿಯಲ್ಲ.

ಕಂಪವಾತ ಎಂಬ ಹೆಸರಿನಿಂದ ನಮ್ಮ ವೈದ್ಯಪರಂಪರೆ ಈ ನಡುಕವನ್ನು ಗುರುತಿಸಿತ್ತು. ಆಧುನಿಕ ವೈದ್ಯದಲ್ಲಿ ಇದರ ಮೊದಲ ವ್ಯವಸ್ಥಿತ ವಿವರಣೆ ಬಂದದ್ದು 1817ರಲ್ಲಿ, ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್ ಎಂಬ ವೈದ್ಯರಿಂದ. ಅವರು ವಿವರಿಸಿದ್ದು 6 ಜನರನ್ನು ಮಾತ್ರ, ಅವರಲ್ಲಿ ಕೆಲವರನ್ನು ಬೀದಿಯಲ್ಲಿ ಕಂಡಿದ್ದಷ್ಟೇ. ನಡುಕ, ಮುಂದಕ್ಕೆ ಬಾಗಿದ ದೇಹ, ನಡಿಗೆ ತಾನಾಗಿ ಓಟವಾಗುವುದು, ಇಷ್ಟನ್ನೂ ಕಣ್ಣಿನಿಂದಲೇ ಹಿಡಿದರು. ಆದರೆ ದೋಷ ಎಲ್ಲಿದೆ ಎಂದು ತಿಳಿಯಲು ಇನ್ನೂ ಒಂದು ಶತಮಾನ ಬೇಕಾಯಿತು. 1893ರಲ್ಲಿ ಪ್ಯಾರಿಸ್ಸಿನಲ್ಲಿ ಬ್ಲಾಕ್ ಮತ್ತು ಮರಿನೆಸ್ಕು ಎಂಬಿಬ್ಬರು, ದೇಹದ ಒಂದು ಬದಿಯಲ್ಲಿ ಮಾತ್ರ ಈ ಲಕ್ಷಣಗಳಿದ್ದ ರೋಗಿಯೊಬ್ಬನ ಮಿದುಳಿನಲ್ಲಿ ಕ್ಷಯದ ಗಡ್ಡೆಯೊಂದು ಕಪ್ಪುಪಟ್ಟೆಯನ್ನು ಹಾಳುಮಾಡಿರುವುದನ್ನು ಕಂಡರು. 1919ರಲ್ಲಿ ಟ್ರೆಟಿಯಾಕಾಫ್ ಎಂಬ ಯುವ ವೈದ್ಯ ತನ್ನ ಪ್ರಬಂಧದಲ್ಲಿ, ಪಾರ್ಕಿನ್ಸನ್ ರೋಗಿಗಳ ಕಪ್ಪುಪಟ್ಟೆಯ ಕೋಶಗಳು ನಾಶವಾಗಿರುತ್ತವೆ ಎಂದು ಸ್ಪಷ್ಟವಾಗಿ ತೋರಿಸಿದ. ಉಳಿದ ಕೆಲವು ಕೋಶಗಳೊಳಗೆ ದುಂಡನೆಯ ಗಂಟುಗಳಿದ್ದವು. ಅವನ್ನು 1912ರಲ್ಲೇ ಮಿದುಳಿನ ಬೇರೆ ಭಾಗಗಳಲ್ಲಿ ಕಂಡಿದ್ದ ಫ್ರೆಡರಿಕ್ ಲೂಯಿಯ ಹೆಸರನ್ನೇ ಟ್ರೆಟಿಯಾಕಾಫ್ ಅವುಗಳಿಗೆ ಕೊಟ್ಟ. ಇಂದಿಗೂ ಅವು ಲೂಯಿ ಬಾಡಿಗಳೆಂದೇ ಪರಿಚಿತ.

ಇಲ್ಲಿ ಸ್ವಲ್ಪ ಬದಿಗೆ ಸರಿದು ನಮ್ಮ ಘಟ್ಟದ ಕಾಡಿನಲ್ಲೂ ಬೆಳೆಯುವ ಗಿಡವೊಂದರ ಮಾತು ಹೇಳಬೇಕು, ಏಕೆಂದರೆ ಮುಂದಿನ ಹೆಜ್ಜೆ ಅದಿಲ್ಲದೆ ಆಗುತ್ತಿರಲಿಲ್ಲ. ಸರ್ಪಗಂಧ ನಿಮಗೆ ಗೊತ್ತು. ಅದರ ಬೇರು ರಕ್ತದೊತ್ತಡವನ್ನು ಇಳಿಸುತ್ತದೆ, ಉನ್ಮಾದವನ್ನು ತಣಿಸುತ್ತದೆ ಎಂದು 1931ರಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಬರೆದರು. 1949ರಲ್ಲಿ ಮುಂಬಯಿಯ ರುಸ್ತುಂ ಜಾಲ್ ವಕೀಲ್ ಅವರ ಲೇಖನ ಬ್ರಿಟನ್ನಿನ ಪತ್ರಿಕೆಯಲ್ಲಿ ಪ್ರಕಟವಾದ ಮೇಲೆ ಹೊರಜಗತ್ತು ಅದರತ್ತ ತಿರುಗಿತು. 1952ರಲ್ಲಿ ಆ ಬೇರಿನಿಂದ ರೆಸರ್ಪಿನ್ ಎಂಬ ರಾಸಾಯನಿಕವನ್ನು ಬೇರ್ಪಡಿಸಲಾಯಿತು. ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ಈ ರೆಸರ್ಪಿನ್ನನ್ನು ಮೊಲಗಳಿಗೆ ಕೊಟ್ಟಾಗ ಅವು ಕಿವಿ ಜೋತುಬಿಟ್ಟು, ಕೂತಲ್ಲೇ ಕೂತುಬಿಟ್ಟವು. ಅನಂತರ ಎಲ್-ಡೋಪಾ ಎಂಬ ವಸ್ತುವನ್ನು ಚುಚ್ಚಿದೊಡನೆ ಕಿವಿ ನಿಮಿರಿಸಿ ಓಡಾಡತೊಡಗಿದವು. ಎಲ್-ಡೋಪಾ ದೇಹದೊಳಗೆ ಡೋಪಮೈನ್ ಆಗುತ್ತದೆ, ನರಕೋಶಗಳ ನಡುವೆ ಸಂದೇಶ ಸಾಗಿಸುವ ರಾಸಾಯನಿಕ ಅದು. 1957ರ ಈ ಪ್ರಯೋಗದಿಂದ, ಅದುವರೆಗೆ ಬೇರೊಂದು ವಸ್ತುವಿನ ತಯಾರಿಕೆಯ ಮಧ್ಯದ ಹಂತ ಎಂದು ಮಾತ್ರ ಎಣಿಸಿದ್ದ ಡೋಪಮೈನ್‌ಗೆ ತನ್ನದೇ ಕೆಲಸವಿದೆ ಎಂಬುದು ಬೆಳಕಿಗೆ ಬಂತು. ಕಾರ್ಲ್‌ಸನ್ 2000ದಲ್ಲಿ ನೊಬೆಲ್ ಪುರಸ್ಕಾರ ಪಡೆದರು. 1960ರಲ್ಲಿ ವಿಯೆನ್ನಾದ ಎರಿಂಗರ್ ಮತ್ತು ಹಾರ್ನಿಕೀವಿಚ್, ಪಾರ್ಕಿನ್ಸನ್‌ನಿಂದ ಸತ್ತವರ ಮಿದುಳಿನಲ್ಲಿ ಸ್ಟ್ರೈಯೇಟಮ್ ಎಂಬ ಭಾಗದ ಡೋಪಮೈನ್ ತೀರಾ ಕುಸಿದಿರುತ್ತದೆ ಎಂದು ಅಳೆದು ತೋರಿಸಿದರು. ಡೋಪಮೈನ್ ಖಾಲಿಯಾಗುವುದು ಸ್ಟ್ರೈಯೇಟಮ್‌ನಲ್ಲಿ, ಕೋಶಗಳು ಸಾಯುವುದು ಕಪ್ಪುಪಟ್ಟೆಯಲ್ಲಿ. ಇವೆರಡರ ನಡುವೆ ಇರುವ ದಾರಿಯೇ ಆ ಕೋಶಗಳ ಉದ್ದನೆಯ ನರತಂತು.

ಈ ಕೋಶಗಳ ಕೆಲಸ ತಿಳಿಯಲು ಸಖರಾಯಪಟ್ಟಣದ ಅಯ್ಯನಕೆರೆಯನ್ನು ನೆನೆಸಿಕೊಳ್ಳಿ. ಕೆರೆಯ ಕೆಳಗಿನ ಅಚ್ಚುಕಟ್ಟಿನಲ್ಲಿ ಗದ್ದೆ, ತೋಟಗಳಿವೆ. ಯಾವ ಹೊತ್ತಿಗೆ ತೂಬು ಎತ್ತಬೇಕು, ಯಾವ ಕಾಲುವೆಗೆ ಎಷ್ಟು ಬಿಡಬೇಕು ಎಂದು ನೋಡಿಕೊಳ್ಳಲು ಹಿಂದಿನಿಂದಲೂ ನಮ್ಮ ಕೆರೆಗಳಿಗೆ ನೀರುಗಂಟಿ ಇರುತ್ತಿದ್ದ. ನೀರುಗಂಟಿ ಉಳುವುದಿಲ್ಲ, ನಾಟಿ ಮಾಡುವುದಿಲ್ಲ, ಆದರೆ ಅವನು ಒಂದು ವಾರ ಮಲಗಿದರೆ ಉತ್ತವರ ಶ್ರಮವೆಲ್ಲ ಒಣಗುತ್ತದೆ. ಕಪ್ಪುಪಟ್ಟೆಯ ಕೋಶಗಳೂ ಹೀಗೆಯೇ. ಕೈ ಎತ್ತು ಎಂಬ ಆಜ್ಞೆ ಅವುಗಳದ್ದಲ್ಲ. ಅದು ಮಿದುಳಿನ ಹೊರಪದರದಲ್ಲಿ ಹುಟ್ಟುತ್ತದೆ. ಆದರೆ ಆ ಆಜ್ಞೆಗಳಲ್ಲಿ ಯಾವುದಕ್ಕೆ ದಾರಿ ಬಿಡಬೇಕು, ಯಾವುದನ್ನು ತಡೆಯಬೇಕು ಎಂದು ತೀರ್ಮಾನವಾಗುವ ಸ್ಟ್ರೈಯೇಟಮ್ ಎಂಬ ಬಯಲಿಗೆ ಡೋಪಮೈನ್ ಹರಿಸುವವು ಇವೇ. ಆ ಹರಿವು ನಿಂತರೆ ಚಲನೆ ಅಳಿಯುವುದಿಲ್ಲ, ಶುರುವಾಗುವುದೇ ಕಷ್ಟವಾಗುತ್ತದೆ. ದೊಡ್ಡಪ್ಪ ಕುರ್ಚಿಯಿಂದ ಏಳಲಾಗದೆ ಐದು ನಿಮಿಷ ಕುಳಿತಿರುತ್ತಿದ್ದರು, ಎದ್ದಮೇಲೆ ಹೊಸಿಲ ಬಳಿ ಕಾಲು ನೆಲಕ್ಕೆ ಅಂಟಿದಂತೆ ನಿಲ್ಲುತ್ತಿದ್ದರು. ಆದರೆ ಅದೇ ಕಾಲುಗಳು ಮೆಟ್ಟಿಲನ್ನು ಕಂಡರೆ ಸಲೀಸಾಗಿ ಹತ್ತುತ್ತಿದ್ದವು. ಕಾಲಿನ ಶಕ್ತಿ ಹೋಗಿರಲಿಲ್ಲ.

ಇನ್ನು ಸಂಖ್ಯೆ. ಮನುಷ್ಯನ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಕಪ್ಪುಪಟ್ಟೆಯ ಡೋಪಮೈನ್ ಕೋಶಗಳು ಎರಡೂ ಬದಿ ಸೇರಿ 4ರಿಂದ 6 ಲಕ್ಷ ಎಂದು ಬಹುತೇಕ ಅಂದಾಜುಗಳು ಹೇಳುತ್ತವೆ. ಇಷ್ಟು ಕಡಿಮೆ ನೀರುಗಂಟಿಗಳಿಗೆ ಅಷ್ಟು ದೊಡ್ಡ ಅಚ್ಚುಕಟ್ಟು ಒಪ್ಪಿಸಿದ್ದರಿಂದ ಒಂದೊಂದು ಕೋಶವೂ ತನ್ನ ತಂತುವನ್ನು ಸಾವಿರಾರು ಕವಲಾಗಿ ಒಡೆಯಬೇಕಾಗುತ್ತದೆ. 2009ರಲ್ಲಿ ಜಪಾನಿನ ವಿಜ್ಞಾನಿಗಳು ಇಲಿಯ ಇಂತಹ ಒಂದೊಂದೇ ಕೋಶವನ್ನು ಹಿಡಿದು, ಅದರ ಎಲ್ಲ ಕವಲುಗಳನ್ನೂ ಕೊನೆಯವರೆಗೆ ಹಿಂಬಾಲಿಸಿ ಅಳೆದರು. ಅಂಗೈಯಲ್ಲಿ ಹಿಡಿಯುವ ಪ್ರಾಣಿಯ ಒಂದು ಕೋಶದ ಕವಲುಗಳನ್ನು ಜೋಡಿಸಿದರೆ ಸರಾಸರಿ ಸುಮಾರು ಅರ್ಧ ಮೀಟರು! ಮನುಷ್ಯನಲ್ಲಿ ಅದು 4 ಮೀಟರನ್ನು ದಾಟಬಹುದು, ಒಂದೇ ಕೋಶ ಬೇರೆ ಕೋಶಗಳಿಗೆ ಸಂದೇಶ ದಾಟಿಸುವ 10ರಿಂದ 24 ಲಕ್ಷ ಸಂಧಿಗಳನ್ನು ಸಾಕಬೇಕಾಗಬಹುದು ಎಂದು ಆಕ್ಸ್‌ಫರ್ಡಿನ ಸಂಶೋಧಕರು ಲೆಕ್ಕ ಹಾಕಿದ್ದಾರೆ. ಮಿದುಳಿನ ಬೇರೆ ಕಡೆಯ ನರಕೋಶಕ್ಕೆ ಸಾಮಾನ್ಯವಾಗಿ ಕೆಲವು ಸಾವಿರ ಸಂಧಿಗಳಿದ್ದರೆ ಹೆಚ್ಚು. ನನಗೆ ಈ ವಿಷಯದಲ್ಲಿ ಅತ್ಯಂತ ಮುಖ್ಯವೆನಿಸಿದ ಅಂಕಿ ಇದೇ. ಈ ಕೋಶಗಳನ್ನು ಕೊಲ್ಲುವುದು ಯಾವುದೋ ಒಂದು ಶತ್ರು ಎಂದು ಹುಡುಕುವ ಮೊದಲು ಅವು ದಿನವೂ ಹೊತ್ತಿರುವ ಹೊರೆಯನ್ನು ನೋಡಬೇಕು.

ಹೊರೆ ಇಷ್ಟಕ್ಕೇ ಮುಗಿಯುವುದಿಲ್ಲ. ಮಿದುಳಿನ ಬಹುಪಾಲು ಕೋಶಗಳು ಬೇರೆಯವು ತಟ್ಟಿದಾಗ ಮಾತ್ರ ಮಿಡಿಯುತ್ತವೆ. ಇವು ಯಾರೂ ಹೇಳದಿದ್ದರೂ ಹೃದಯದ ಹಾಗೆ, ಸೆಕೆಂಡಿಗೆ ಹಲವು ಬಾರಿ, ಹಗಲಿರುಳು ತಾವೇ ಮಿಡಿಯುತ್ತವೆ. ಪ್ರತಿ ಮಿಡಿತಕ್ಕೂ ಕ್ಯಾಲ್ಸಿಯಂ ಒಳನುಗ್ಗುತ್ತದೆ, ನುಗ್ಗಿದ್ದನ್ನು ಹೊರಹಾಕಲು ಶಕ್ತಿ ಬೇಕು, ಆ ಶಕ್ತಿಗಾಗಿ ಕೋಶದೊಳಗಿನ ಮೈಟೋಕಾಂಡ್ರಿಯಾ ಎಂಬ ಒಲೆಗಳು ಸದಾ ಉರಿಯಬೇಕು. ಉರಿದಲ್ಲಿ ಹೊಗೆ ಇದ್ದೇ ಇರುತ್ತದೆ. ಇದರ ಮೇಲೆ ಡೋಪಮೈನ್ ತಾನೇ ಗಾಳಿ ತಾಗಿದ ಸೇಬಿನ ಹೋಳಿನಂತೆ ಬೇಗ ಆಕ್ಸಿಡೀಕರಣಗೊಂಡು ಕಟುವಾದ ವಸ್ತುಗಳಾಗುತ್ತದೆ. ಅವುಗಳನ್ನೂ ಕಬ್ಬಿಣದ ಅಂಶವನ್ನೂ ಕಟ್ಟಿಹಾಕಿ ಕೋಶ ಒಂದು ಮೂಲೆಯಲ್ಲಿ ಕೂಡಿಡುತ್ತದೆ. ಈ ಶೇಖರಣೆಯ ಹೆಸರು ನ್ಯೂರೋಮೆಲನಿನ್. ಹಳೆಯ ಮನೆಗಳ ಒಲೆಯ ಮೇಲಿನ ತೊಲೆಗೆ ತಲೆಮಾರುಗಳ ಮಸಿ ಕಟ್ಟಿರುವುದನ್ನು ನೀವು ನೋಡಿದ್ದೀರಿ. ನಿಮಗೆ ಮೊದಲು ತೋರಿಸಿದ ಕಪ್ಪು ಬಣ್ಣ ಅಂಥದ್ದು. ಎಳೆಯ ಮಗುವಿನ ಮಿದುಳಿನಲ್ಲಿ ಅದು ಇರುವುದಿಲ್ಲ, ವಯಸ್ಸಿನೊಂದಿಗೆ ಕೂಡುತ್ತಾ ಬರುತ್ತದೆ. ಕೋಶ ಬದುಕಿರುವಾಗ ಈ ಮಸಿ ಅದನ್ನು ಕಾಯುತ್ತದೆ. ಕೋಶ ಒಡೆದು ಹೊರಗೆ ಚೆಲ್ಲಿದಾಗ ಅದೇ ಮಸಿ ಸುತ್ತಲ ರಕ್ಷಕ ಕೋಶಗಳನ್ನು ಕೆರಳಿಸಿ ಉರಿಯೂತ ತರುತ್ತದೆ.

ಪಕ್ಕದಲ್ಲೇ ಇರುವ, ಅದೇ ಡೋಪಮೈನ್ ತಯಾರಿಸುವ ಇನ್ನೊಂದು ಗುಂಪಿನ ಕೋಶಗಳು ಈ ಕಾಯಿಲೆಯಲ್ಲಿ ಬಹುಮಟ್ಟಿಗೆ ಉಳಿದುಕೊಳ್ಳುತ್ತವೆ. ಅವುಗಳ ಕವಲು ಕಡಿಮೆ, ಕ್ಯಾಲ್ಸಿಯಂ ಒಳಹರಿವೂ ಕಡಿಮೆ, ಬಂದ ಕ್ಯಾಲ್ಸಿಯಂ ಅನ್ನು ಹಿಡಿದಿಡುವ ಪ್ರೋಟೀನು ಅವುಗಳಲ್ಲಿ ಹೆಚ್ಚು. ಹಾಗಿದ್ದರೆ ಕ್ಯಾಲ್ಸಿಯಂ ಬಾಗಿಲನ್ನು ಮುಚ್ಚಿದರೆ ಕಾಯಿಲೆ ನಿಲ್ಲಬೇಕಲ್ಲ ಎಂದು ನಿಮಗೆ ಅನ್ನಿಸಬಹುದು. ವಿಜ್ಞಾನಿಗಳಿಗೂ ಹಾಗೆಯೇ ಅನ್ನಿಸಿತು. ರಕ್ತದೊತ್ತಡಕ್ಕೆ ಕೊಡುವ ಇಸ್ರಾಡಿಪಿನ್ ಎಂಬ ಮಾತ್ರೆಯನ್ನು ಉತ್ತರ ಅಮೆರಿಕದಲ್ಲಿ 336 ರೋಗಿಗಳ ಮೇಲೆ 3 ವರ್ಷ ಪರೀಕ್ಷಿಸಲಾಯಿತು. ಕಾಯಿಲೆಯ ವೇಗ ಕುಗ್ಗಲಿಲ್ಲ. ಕೊಟ್ಟ ಪ್ರಮಾಣ ಸಾಲಲಿಲ್ಲವೆಂದು ಕೆಲವರು, ರೋಗ ಗುರುತಿಸುವ ಹೊತ್ತಿಗೆ ಕಾಲ ಮೀರಿರುತ್ತದೆಂದು ಕೆಲವರು ವಾದಿಸಿದ್ದಾರೆ. ಎರಡನೆಯ ವಾದದಲ್ಲಿ ಹುರುಳಿದೆ ಎಂದು ನಾನು ನಂಬುತ್ತೇನೆ, ಏಕೆಂದರೆ ಕೈ ನಡುಗಲು ಶುರುವಾಗುವಾಗ ಕಪ್ಪುಪಟ್ಟೆಯ ಡೋಪಮೈನ್ ಕೋಶಗಳಲ್ಲಿ ಅರ್ಧದ ಆಸುಪಾಸು ಹೋಗಿಬಿಟ್ಟಿರುತ್ತವೆ. ಕಪ್ಪುಪಟ್ಟೆಯ ಕೋಶಗಳೆಲ್ಲವೂ ಒಂದೇ ಬಗೆಯವೂ ಅಲ್ಲ. 2022ರಲ್ಲಿ ಅಮೆರಿಕದ ಬ್ರಾಡ್ ಸಂಸ್ಥೆಯವರು, ಸತ್ತ ಮೇಲೆ ದಾನವಾಗಿ ಬಂದ ಮಿದುಳುಗಳಿಂದ ಈ ಕೋಶಗಳನ್ನು ಒಂದೊಂದಾಗಿ ಓದಿ 10 ಉಪಜಾತಿಗಳನ್ನು ಗುರುತಿಸಿದರು. ಅವುಗಳಲ್ಲಿ ಒಂದು ಬಗೆಯದು ಮಾತ್ರ ಉಳಿದೆಲ್ಲಕ್ಕಿಂತ ಹೆಚ್ಚಾಗಿ ನಾಶವಾಗಿತ್ತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1995ರಿಂದ ಇಂತಹ ಮಿದುಳು ಬ್ಯಾಂಕ್ ಇದೆ. ಅಲ್ಲಿನ ವಸ್ತುಸಂಗ್ರಹಾಲಯಕ್ಕೆ ಸಾರ್ವಜನಿಕರಿಗೂ ಪ್ರವೇಶವುಂಟು. ಶಿಕ್ಷಕರು ಮಕ್ಕಳನ್ನು ಒಮ್ಮೆ ಕರೆದೊಯ್ಯಬೇಕೆಂದು ನನ್ನ ಕೋರಿಕೆ.

ಈಗ ಬೆಳೆಗಾರರು ಗಮನವಿಟ್ಟು ಕೇಳಬೇಕಾದ ಭಾಗಕ್ಕೆ ಬರುತ್ತೇನೆ. 1982ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕೆಲವು ಯುವಕರು ಇದ್ದಕ್ಕಿದ್ದಂತೆ ಮರಗಟ್ಟಿದವರಂತಾಗಿ ಆಸ್ಪತ್ರೆಗೆ ಬಂದರು. ಎಪ್ಪತ್ತರ ಮುದುಕರಲ್ಲಿ ಹತ್ತಾರು ವರ್ಷಕ್ಕೆ ಬರುವ ಸ್ಥಿತಿ ಅವರಲ್ಲಿ ಕೆಲವೇ ದಿನಗಳಲ್ಲಿ ಬಂದಿತ್ತು. ಅವರೆಲ್ಲರೂ ಕಳ್ಳತನದಲ್ಲಿ ತಯಾರಾದ ಮಾದಕವಸ್ತುವೊಂದನ್ನು ಚುಚ್ಚಿಕೊಂಡಿದ್ದರು, ಅದರಲ್ಲಿ ಎಂಪಿಟಿಪಿ ಎಂಬ ಕಲಬೆರಕೆ ಇತ್ತು. ವಿಲಿಯಂ ಲ್ಯಾಂಗ್‌ಸ್ಟನ್ ಎಂಬ ವೈದ್ಯರು ಇದನ್ನು ಪತ್ತೆ ಹಚ್ಚಿದರು. ಎಂಪಿಟಿಪಿ ಮಿದುಳಿನಲ್ಲಿ ಇನ್ನೊಂದು ವಸ್ತುವಾಗಿ ಬದಲಾಗುತ್ತದೆ, ಆ ವಸ್ತು ಡೋಪಮೈನ್‌ನ ವೇಷ ಹಾಕಿಕೊಂಡು ಕಪ್ಪುಪಟ್ಟೆಯ ಕೋಶಗಳ ಬಾಗಿಲಿನಿಂದಲೇ ಒಳಹೊಕ್ಕು ಮೈಟೋಕಾಂಡ್ರಿಯಾದ ಉರಿಯನ್ನು ಆರಿಸಿಬಿಡುತ್ತದೆ. ಮೊದಲೇ ತುದಿಗಾಲಲ್ಲಿ ದುಡಿಯುತ್ತಿದ್ದ ಕೋಶಗಳು ಅಲ್ಲಿಗೆ ಮುಗಿಯುತ್ತವೆ.

ಹೀಗೆ ಒಳಹೊಗುವ ಆ ವಸ್ತುವಿನ ರಚನೆಯನ್ನು ಪ್ಯಾರಾಕ್ವಾಟ್ ಎಂಬ ಕಳೆನಾಶಕದ ರಚನೆಯ ಪಕ್ಕದಲ್ಲಿಟ್ಟು ನೋಡಿದರೆ ಅಣ್ಣತಮ್ಮಂದಿರಂತೆ ಕಾಣುತ್ತವೆ. ಈ ಹೋಲಿಕೆಯೇ ಸಂಶೋಧಕರನ್ನು ಹೊಲಗಳತ್ತ ಕರೆದೊಯ್ದಿತು. 2011ರಲ್ಲಿ ಪ್ರಕಟವಾದ, ಅಮೆರಿಕದ ಕೃಷಿಕರ ನಡುವೆ ನಡೆದ ಅಧ್ಯಯನದಲ್ಲಿ 110 ರೋಗಿಗಳನ್ನು 358 ಆರೋಗ್ಯವಂತರೊಂದಿಗೆ ಹೋಲಿಸಿದಾಗ, ಪ್ಯಾರಾಕ್ವಾಟ್ ಬಳಸಿದವರಲ್ಲಿ ಪಾರ್ಕಿನ್ಸನ್ ಸಾಧ್ಯತೆ ಸುಮಾರು ಎರಡೂವರೆ ಪಟ್ಟು ಹೆಚ್ಚಿತ್ತು. ರೋಟೆನೋನ್ ಎಂಬ ಕೀಟನಾಶಕಕ್ಕೂ ಅಷ್ಟೇ. ಇದು ನಂಟನ್ನು ತೋರಿಸುತ್ತದೆಯೇ ಹೊರತು ಪ್ಯಾರಾಕ್ವಾಟ್ ಸಿಂಪಡಿಸಿದವರಿಗೆಲ್ಲ ಕಾಯಿಲೆ ಬರುತ್ತದೆ ಎಂದು ಹೇಳುವುದಿಲ್ಲ. ಬಹುಪಾಲು ಜನರಿಗೆ ಬರುವುದಿಲ್ಲ. ಆದರೆ ಅದೇ ಜನರ ಮೇಲೆ ಮುಂದೆ ಮಾಡಿದ ವಿಶ್ಲೇಷಣೆಯೊಂದನ್ನು ನಾನು ಮರೆಯಲಾರೆ. ರಕ್ಷಣೆಯ ಕೈಗವಸು ಹಾಕಿಕೊಂಡು ಕೆಲಸ ಮಾಡಿದವರಲ್ಲಿ ಆ ನಂಟು ಕಾಣಲಿಲ್ಲ, ಹಾಕಿಕೊಳ್ಳದವರಲ್ಲಿ ಕಂಡಿತು. ಯುರೋಪಿನ ಒಕ್ಕೂಟದಲ್ಲಿ 2007ರಿಂದ ಪ್ಯಾರಾಕ್ವಾಟ್‌ಗೆ ಅನುಮತಿ ಇಲ್ಲ. ನಮ್ಮಲ್ಲಿ ಅದು ಅಂಗಡಿಯಲ್ಲಿ ಸಿಗುತ್ತದೆ. ಬೆನ್ನಿಗೆ ಪಂಪು ಕಟ್ಟಿಕೊಂಡು, ಬರಿಗೈಯಲ್ಲಿ ಔಷಧಿ ಕಲಸಿ, ಸೋರುವ ನಳಿಕೆಯನ್ನು ಬಟ್ಟೆ ಸುತ್ತಿ ಹಿಡಿದು ಸಿಂಪಡಿಸುವವರು ತೋಟದ ಯಜಮಾನರಲ್ಲ, ಲೈನ್ ಮನೆಯಲ್ಲಿರುವ ಕಾರ್ಮಿಕರು. ಅವರ ಕೈಗೆ ಗವಸು, ಕೆಲಸ ಮುಗಿದೊಡನೆ ಮೈ ತೊಳೆಯಲು ಸೋಪು ನೀರು, ಬದಲಿಸಲು ಬಟ್ಟೆ, ಇವುಗಳ ಖರ್ಚು ಒಂದು ಮೂಟೆ ಗೊಬ್ಬರಕ್ಕಿಂತ ಹೆಚ್ಚಲ್ಲ. ಸಾಧ್ಯವಿರುವಲ್ಲಿ ಕತ್ತಿಯಿಂದಲೋ ಯಂತ್ರದಿಂದಲೋ ಕಳೆ ಸವರಿಸಿ ಎಂದು ನಾನು ಕೈಮುಗಿದು ಕೇಳುತ್ತೇನೆ.

ಕಾಫಿಯ ವಿಷಯ ನೀವು ಕೇಳಿಯೇ ಕೇಳುತ್ತೀರಿ. ಬಾಬಾಬುಡನ್‌ಗಿರಿಯ ನೆರಳಿನಲ್ಲಿ ನಿಂತು ಅದನ್ನು ಬಿಡಲಾಗದು. ಹವಾಯಿ ದ್ವೀಪದಲ್ಲಿ ನೆಲೆಸಿದ ಜಪಾನಿ ಮೂಲದ 8,004 ಗಂಡಸರನ್ನು ಸುಮಾರು 30 ವರ್ಷ ಗಮನಿಸಿ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಾಫಿ ಕುಡಿಯದವರಿಗೆ ಹೋಲಿಸಿದರೆ ಅತಿ ಹೆಚ್ಚು ಕುಡಿಯುವವರಲ್ಲಿ ಪಾರ್ಕಿನ್ಸನ್ ಸುಮಾರು ಐದರಲ್ಲೊಂದು ಪಾಲು ಮಾತ್ರ ಕಂಡುಬಂತು. ಸ್ಟ್ರೈಯೇಟಮ್‌ನಲ್ಲಿ ಡೋಪಮೈನ್‌ಗೆ ಎದುರಾಗಿ ಕೆಲಸ ಮಾಡುವ ಅಡೆನೊಸಿನ್ ಎಂಬ ವಸ್ತು ಕೋಶಕ್ಕೆ ಅಂಟಿಕೊಳ್ಳುವ ಹಿಡಿಕೆಯನ್ನು ಕಾಫಿಯಲ್ಲಿರುವ ಕೆಫೀನ್ ತಡೆಯುತ್ತದೆ. ಅದೇ ಹಿಡಿಕೆಯನ್ನು ತಡೆಯುವ ಔಷಧವೊಂದು 2013ರಲ್ಲಿ ಜಪಾನಿನಲ್ಲಿ ಅನುಮತಿ ಪಡೆದಿದೆ. ಆದರೆ ಕಾಯಿಲೆ ಬಂದವರಿಗೆ ಕೆಫೀನ್ ಮಾತ್ರೆ ಕೊಟ್ಟು ನೋಡಿದ ಪ್ರಯೋಗದಲ್ಲಿ ಲಾಭ ಸಿಗಲಿಲ್ಲ. ನಮ್ಮ ದೊಡ್ಡಪ್ಪ ದಿನಕ್ಕೆ ನಾಲ್ಕೈದು ಲೋಟ ಕುಡಿದವರು. ಆದ್ದರಿಂದ ಕಾಫಿಯನ್ನು ಅದರ ರುಚಿಗಾಗಿ ಕುಡಿಯಿರಿ, ಔಷಧವೆಂದು ಮಾರಬೇಡಿ.

ದೊಡ್ಡಪ್ಪನವರ ಮಾತು ಬಂದದ್ದರಿಂದ ಇನ್ನೊಂದು ಸಂಗತಿ. ಅಕ್ಷರ ಕುಗ್ಗುವುದಕ್ಕೂ ಮೊದಲು, ಒಂದು ವರ್ಷ ಹೂಮಳೆ ಬಿದ್ದು ಒಂಬತ್ತನೆಯ ದಿನ ತೋಟವೆಲ್ಲ ಬೆಳ್ಳಗೆ ಅರಳಿದಾಗ, ಈ ಸಲ ಹೂವಿಗೆ ವಾಸನೆಯೇ ಇಲ್ಲವಲ್ಲ ಎಂದು ಅವರು ದೊಡ್ಡಮ್ಮನಿಗೆ ಹೇಳಿದ್ದರಂತೆ. ಕಾಫಿ ಹೂವಿನ ಪರಿಮಳ ತಿಳಿದವರಿಗೆ ಆ ಮಾತಿನ ತೂಕ ಗೊತ್ತಾಗುತ್ತದೆ. ರಾತ್ರಿ ನಿದ್ದೆಯಲ್ಲಿ ಕೂಗುವುದು, ಕೈಕಾಲು ಬೀಸುವುದು ಅದಕ್ಕೂ ಹಿಂದಿನಿಂದ ಇತ್ತು. ಒಮ್ಮೆ ಕನಸಿನಲ್ಲಿ ಕಾಡುಹಂದಿ ಅಟ್ಟಿಸಿಕೊಂಡು ಹೋಗಿ ಮಂಚದಿಂದ ಬಿದ್ದಿದ್ದರು. ಇವೆಲ್ಲ ಬಿಡಿಬಿಡಿ ಘಟನೆಗಳೆಂದು ನಾವು ತಿಳಿದಿದ್ದೆವು.

1997ರಲ್ಲಿ ಎರಡು ಶೋಧಗಳು ಒಂದೇ ವರ್ಷ ಬಂದವು: ಕೆಲವು ಕುಟುಂಬಗಳಲ್ಲಿ ಈ ಕಾಯಿಲೆ ಬರಲು ಆಲ್ಫಾ ಸೈನ್ಯೂಕ್ಲಿನ್ ಎಂಬ ಪ್ರೋಟೀನಿನ ವಂಶವಾಹಿಯಲ್ಲಿನ ದೋಷ ಕಾರಣ ಎಂಬುದು ಮೊದಲನೆಯದು, ಲೂಯಿ ಬಾಡಿಯ ಗಂಟುಗಳಲ್ಲಿ ತುಂಬಿರುವುದು ಅದೇ ಪ್ರೋಟೀನು ಎಂಬುದು ಎರಡನೆಯದು. ಸಂಧಿಗಳಲ್ಲಿ ಕೆಲಸ ಮಾಡುವ ಈ ಪ್ರೋಟೀನು ತಪ್ಪಾಗಿ ಮಡಿಚಿಕೊಂಡಾಗ ಪಕ್ಕದ್ದನ್ನೂ ಹಾಗೆಯೇ ಮಡಿಚಿಕೊಳ್ಳುವಂತೆ ಮಾಡುತ್ತದೆ. ಲಕ್ಷಾಂತರ ಸಂಧಿಗಳನ್ನು ಸಾಕುವ ಕೋಶದಲ್ಲಿ ಇದು ಎಷ್ಟು ಅಪಾಯಕಾರಿ ಎಂದು ನೀವೇ ಊಹಿಸಬಹುದು. ಜರ್ಮನಿಯ ಹೈಕೊ ಬ್ರಾಕ್ ಮತ್ತು ಸಂಗಡಿಗರು 2003ರಲ್ಲಿ, ಹಲವರಲ್ಲಿ ಈ ಗಂಟುಗಳು ಮೊದಲು ಕಾಣುವುದು ಮೂಗಿಗೆ ಸಂಬಂಧಿಸಿದ ಭಾಗದಲ್ಲಿ ಮತ್ತು ಮಿದುಳಿನ ಕಾಂಡದ ಕೆಳತುದಿಯಲ್ಲಿ, ಕಪ್ಪುಪಟ್ಟೆಯ ಸರದಿ ಆಮೇಲೆ ಬರುತ್ತದೆ ಎಂದು ಸೂಚಿಸಿದರು. ಎಲ್ಲ ರೋಗಿಗಳಲ್ಲೂ ಈ ಕ್ರಮ ಇರುವುದಿಲ್ಲ, ಆದರೂ ವಾಸನೆ ಹೋಗುವುದು, ವರ್ಷಗಟ್ಟಲೆ ಮಲಬದ್ಧತೆ, ಕನಸಿನಲ್ಲಿ ಹೊಡೆದಾಡುವುದು, ಇವು ನಡುಕಕ್ಕಿಂತ ಮೊದಲು ಏಕೆ ಬರುತ್ತವೆ ಎಂಬುದಕ್ಕೆ ಇದು ಉತ್ತರ ಕೊಡುತ್ತದೆ. ಕನಸಿನಲ್ಲಿ ಹೊಡೆದಾಡುವ 1,280 ಜನರನ್ನು ಹಲವು ದೇಶಗಳಲ್ಲಿ ಹಿಂಬಾಲಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 12 ವರ್ಷಗಳೊಳಗೆ ಅವರಲ್ಲಿ ನಾಲ್ಕರಲ್ಲಿ ಮೂರು ಪಾಲಿಗೆ ಹತ್ತಿರದಷ್ಟು ಜನರಿಗೆ ಪಾರ್ಕಿನ್ಸನ್ ಅಥವಾ ಅದಕ್ಕೆ ಸಂಬಂಧಿಸಿದ ಮರೆವಿನ ಕಾಯಿಲೆ ಬಂತು. ನೆಗಡಿಯಿಂದಲೂ ವಾಸನೆ ಹೋಗುತ್ತದೆ, ಒಂದು ರಾತ್ರಿ ಕೂಗಿದ್ದಕ್ಕೆ ಹೆದರಬೇಕಾಗಿಲ್ಲ. ಮನೆಯ ಹಿರಿಯರಲ್ಲಿ ಇವು ಒಟ್ಟಾಗಿ, ತಿಂಗಳುಗಟ್ಟಲೆ ಕಂಡರೆ ನರರೋಗ ತಜ್ಞರಿಗೆ ತೋರಿಸಿ.

ಚಿಕಿತ್ಸೆಗೆ ಬಂದರೆ ಇನ್ನೊಂದು ಗಿಡ ಎದುರಾಗುತ್ತದೆ. ನಮ್ಮ ಬೇಲಿಗಳಲ್ಲಿ ಹಬ್ಬುವ ನಸುಗುನ್ನಿ, ಮೈಗೆ ತಾಗಿದರೆ ತುರಿಸಿ ತುರಿಸಿ ಸಾಕಾಗುವ ಅದೇ ಬಳ್ಳಿ. ತುರಿಕೆ ಇರುವುದು ಕಾಯಿಯ ಮೇಲಿನ ರೋಮದಲ್ಲಿ. ಒಳಗಿನ ಬೀಜದಲ್ಲಿ ಎಲ್-ಡೋಪಾ ಇದೆ ಎಂದು 1937ರಲ್ಲಿ ದಾಮೋದರನ್ ಮತ್ತು ರಾಮಸ್ವಾಮಿ ಎಂಬ ನಮ್ಮ ದೇಶದ ರಸಾಯನ ವಿಜ್ಞಾನಿಗಳು ತೋರಿಸಿದರು; ಬೀಜದ ತೂಕದಲ್ಲಿ ನೂರಕ್ಕೆ 4ರಿಂದ 6 ಪಾಲು ಅದೇ ಇರುತ್ತದೆ. ಅದಕ್ಕೂ ಮೊದಲು 1913ರಲ್ಲಿ ಸ್ವಿಟ್ಜರ್ಲೆಂಡಿನ ಗುಗೆನ್‌ಹೈಮ್ ಯುರೋಪಿನ ಫಾಬಾ ಎಂಬ ಕಾಳಿನಿಂದ ಇದನ್ನು ತೆಗೆದು, ತಾನೇ ಎರಡೂವರೆ ಗ್ರಾಂ ನುಂಗಿ ವಾಂತಿ ಮಾಡಿಕೊಂಡಿದ್ದ. ನಮ್ಮ ಅವರೆಕಾಳು ಆ ಕಾಳಲ್ಲ, ಗೊಂದಲ ಬೇಡ. 1967ರಲ್ಲಿ ನ್ಯೂಯಾರ್ಕಿನ ಜಾರ್ಜ್ ಕಾಟ್ಜಿಯಾಸ್, ಕಡಿಮೆ ಪ್ರಮಾಣದಿಂದ ಶುರುಮಾಡಿ ನಿಧಾನವಾಗಿ ಏರಿಸಿದರೆ ರೋಗಿಗಳು ಇದನ್ನು ತಾಳಿಕೊಳ್ಳುತ್ತಾರೆ, ಹಾಸಿಗೆ ಹಿಡಿದವರು ಎದ್ದು ನಡೆಯುತ್ತಾರೆ ಎಂದು ತೋರಿಸಿದರು. ಇಂದಿನ ಮಾತ್ರೆಯಲ್ಲಿ ಎಲ್-ಡೋಪಾ ಜೊತೆಗೆ ಕಾರ್ಬಿಡೋಪಾ ಇರುತ್ತದೆ. ಅದು ಔಷಧ ದಾರಿಯಲ್ಲೇ ಡೋಪಮೈನ್ ಆಗಿ ಓಕರಿಕೆ ತರುವುದನ್ನು ತಡೆದು, ಮಿದುಳಿಗೆ ಹೆಚ್ಚು ಪಾಲು ತಲುಪುವಂತೆ ಮಾಡುತ್ತದೆ.

ಲಂಡನ್ನಿನಲ್ಲಿ 2004ರಲ್ಲಿ 8 ರೋಗಿಗಳಿಗೆ 30 ಗ್ರಾಂ ನಸುಗುನ್ನಿ ಬೀಜದ ಪುಡಿ ಕೊಟ್ಟಾಗ ಅದು ಮಾತ್ರೆಗಿಂತ ಬೇಗ ಹಿಡಿಯಿತು, ಹೆಚ್ಚು ಹೊತ್ತು ನಿಂತಿತು. ಈ ಫಲಿತಾಂಶ ನನಗೆ ಸಂತೋಷ ಕೊಟ್ಟಿದೆ. ಆದರೂ ಮಾತ್ರೆ ಬಿಟ್ಟು ಪುಡಿಗೆ ಹೋಗಬೇಡಿ, ಮಾತ್ರೆಯ ಜೊತೆಗೆ ಗುಟ್ಟಾಗಿ ಪುಡಿಯನ್ನೂ ಸೇರಿಸಬೇಡಿ ಎಂದೇ ಹೇಳುತ್ತೇನೆ. ಬೀಜದಿಂದ ಬೀಜಕ್ಕೆ ಎಲ್-ಡೋಪಾ ಪ್ರಮಾಣ ಬದಲಾಗುತ್ತದೆ, ಎರಡೂ ಸೇರಿದರೆ ವೈದ್ಯರು ಅಳೆದು ಕೊಟ್ಟ ಪ್ರಮಾಣ ಕೈತಪ್ಪುತ್ತದೆ. ಇನ್ನೊಂದು ಅಡುಗೆಮನೆಯ ಮಾತು: ಎಲ್-ಡೋಪಾ ಕರುಳಿನಿಂದ ರಕ್ತಕ್ಕೆ, ರಕ್ತದಿಂದ ಮಿದುಳಿಗೆ ಹೋಗುವ ಬಾಗಿಲಿನಲ್ಲೇ ಊಟದ ಪ್ರೋಟೀನಿನ ಅಂಶಗಳೂ ನುಗ್ಗುತ್ತವೆ. ಕಾಳಿನ ಸಾರು, ಮಾಂಸ, ಮೊಸರಿನ ಊಟದ ಜೊತೆಗೇ ಮಾತ್ರೆ ನುಂಗಿದರೆ ಅದು ಬಾಗಿಲಲ್ಲೇ ಕಾಯಬೇಕಾಗುತ್ತದೆ. ಊಟಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು ತೆಗೆದುಕೊಳ್ಳುವುದು ಒಳ್ಳೆಯದು.

ಮಾತ್ರೆ ಶುರುವಾದ ತಿಂಗಳಿನ ಚೆಕ್‌ರೋಲ್ ನನ್ನ ಬಳಿ ಇದೆ. ದೊಡ್ಡಪ್ಪನವರ ಅಕ್ಷರಗಳು ಮತ್ತೆ ಗೆರೆ ಮುಟ್ಟಿವೆ. ಸುಮಾರು ಐದು ವರ್ಷ ಹಾಗೆಯೇ ನಡೆಯಿತು. ಆಮೇಲೆ ಒಂದೇ ಪುಟದಲ್ಲಿ ಬೆಳಗಿನ ಸಾಲುಗಳು ದೊಡ್ಡದಾಗಿ, ಮಧ್ಯಾಹ್ನದ ಸಾಲುಗಳು ಚಿಕ್ಕದಾಗಿ ಬರತೊಡಗಿದವು. ಇದಕ್ಕೆ ಕಾರಣವೂ ಕಪ್ಪುಪಟ್ಟೆಯಲ್ಲೇ ಇದೆ. ಮೊದಲ ವರ್ಷಗಳಲ್ಲಿ ಉಳಿದಿದ್ದ ಕೋಶಗಳು ಮಾತ್ರೆಯಿಂದ ಬಂದ ಡೋಪಮೈನ್ ಅನ್ನು ಕೂಡಿಟ್ಟುಕೊಂಡು, ಬೇಕಾದಾಗ ಬೇಕಾದಷ್ಟು ಬಿಡುತ್ತಿದ್ದವು. ಅವೂ ಹೋದಮೇಲೆ ಕೆರೆ ಒಣಗಿ ಟ್ಯಾಂಕರ್ ನೀರಿಗೆ ಕಾಯುವ ಊರಿನ ಸ್ಥಿತಿ. ಟ್ಯಾಂಕರ್ ಬಂದ ಹೊತ್ತಿಗೆ ಬೀದಿಯೆಲ್ಲ ನೀರು, ಆಗ ಕೈಕಾಲು ಬೇಡವೆಂದರೂ ತಿರುಚಿ ಕುಣಿಯುತ್ತವೆ. ಹೋದಮೇಲೆ ತೊಟ್ಟೂ ಇಲ್ಲ, ಆಗ ದೇಹ ಕಲ್ಲಾಗುತ್ತದೆ. ಮಾತ್ರೆ ವಿಷವಾಯಿತು ಎಂದು ತಿಳಿದು ಮನೆಯವರು ಅದನ್ನು ನಿಲ್ಲಿಸುವುದು ಇಂತಹ ಸಮಯದಲ್ಲೇ. ಹಾಗೆ ಏಕಾಏಕಿ ನಿಲ್ಲಿಸಿದರೆ ಜೀವಕ್ಕೇ ಅಪಾಯವಾಗಬಹುದು. ಪ್ರಮಾಣವನ್ನು ಒಡೆದು ಸಣ್ಣದಾಗಿ, ಹೆಚ್ಚು ಬಾರಿ ಕೊಡುವುದರಿಂದ ಹಿಡಿದು ಮಿದುಳಿನ ಆಳಕ್ಕೆ ವಿದ್ಯುತ್ ತಂತಿ ಇಡುವ ಶಸ್ತ್ರಚಿಕಿತ್ಸೆಯವರೆಗೆ ದಾರಿಗಳಿವೆ.

ಇವೆಲ್ಲ ನೀರು ಹರಿಸುವ ದಾರಿಗಳು, ನೀರುಗಂಟಿಯನ್ನು ಮರಳಿ ತರುವ ದಾರಿಗಳಲ್ಲ. ಅದಕ್ಕೂ ಪ್ರಯತ್ನ ನಡೆದಿದೆ. 2025ರಲ್ಲಿ ಪ್ರಕಟವಾದ ಜಪಾನಿನ ಕ್ಯೋಟೋ ವಿಶ್ವವಿದ್ಯಾನಿಲಯದ ವರದಿಯಲ್ಲಿ, ಪ್ರಯೋಗಾಲಯದಲ್ಲಿ ಕಾಂಡಕೋಶಗಳಿಂದ, ಎಂದರೆ ಬೇರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲಕೋಶಗಳಿಂದ, ಬೆಳೆಸಿದ ಎಳೆಯ ಡೋಪಮೈನ್ ಕೋಶಗಳನ್ನು 50ರಿಂದ 69 ವಯಸ್ಸಿನ 7 ರೋಗಿಗಳ ಮಿದುಳಿಗೆ ಸೇರಿಸಿ 2 ವರ್ಷ ಗಮನಿಸಲಾಯಿತು. ಗಡ್ಡೆ ಬೆಳೆಯಲಿಲ್ಲ, ಸ್ಕ್ಯಾನಿನಲ್ಲಿ ಡೋಪಮೈನ್ ತಯಾರಿಕೆ ಹೆಚ್ಚಿರುವುದು ಕಂಡಿತು. ಅದೇ ಸಮಯದಲ್ಲಿ ಉತ್ತರ ಅಮೆರಿಕದಲ್ಲಿ 12 ರೋಗಿಗಳ ಮೇಲೆ ಇಂತಹದೇ ಪ್ರಯೋಗ ನಡೆದಿದೆ. ಆದರೆ ಈ ಹೊಸ ಕೋಶಗಳನ್ನು ನೆಟ್ಟದ್ದು ಕಪ್ಪುಪಟ್ಟೆಯಲ್ಲಲ್ಲ, ಸ್ಟ್ರೈಯೇಟಮ್‌ನಲ್ಲಿ. ಕಪ್ಪುಪಟ್ಟೆಯಲ್ಲಿ ನೆಟ್ಟರೆ ಅಲ್ಲಿಂದ ಸ್ಟ್ರೈಯೇಟಮ್‌ವರೆಗೆ ತಂತು ಬೆಳೆಸುವಷ್ಟು ದೂರ ವಯಸ್ಕರ ಮಿದುಳಿನಲ್ಲಿ ಅವುಗಳನ್ನು ನಂಬುವಂತಿಲ್ಲ. ಆದ್ದರಿಂದ ನೀರುಗಂಟಿಗೆ ಗದ್ದೆಯ ಬದುವಿನ ಮೇಲೆಯೇ ಗುಡಿಸಲು ಕಟ್ಟಿಕೊಟ್ಟಂತೆ ಆಗಿದೆ. ಅಲ್ಲಿ ಅವು ಎಷ್ಟು ಕವಲೊಡೆಯುತ್ತವೆ, ಮಸಿ ಕಟ್ಟುವಷ್ಟು ಕಾಲ ಬಾಳುತ್ತವೆಯೇ ಎಂದು ತಿಳಿಯಲು ಅದೇ ರೋಗಿಗಳನ್ನು ಇನ್ನೂ ಹಲವು ವರ್ಷ ನೋಡುತ್ತಿರಬೇಕು.